ಏಣಿ ಒಳಗೆ, ತಾಯಿ ಹೊರಗೆ

ನಮ್ಮತ್ತೆಯ ಬಲಗೈಯ ತೋರುಬೆರಳು ಮಡಚುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಒರಳುಗುಂಡಿನ ಕೆಳಗೆ ಸಿಕ್ಕಿ ಮೂಳೆ ಮುರಿದು, ಸರಿಯಾಗಿ ಕೂಡದೆ, ನೆಟ್ಟಗೆ ಸೆಟೆದು ನಿಂತುಬಿಟ್ಟಿತ್ತು. ಅದರಿಂದಾಗಿ ಅವರು ಏನು ಮಾಡಿದರೂ ಯಾರನ್ನೋ ಗದರಿಸುತ್ತಿರುವಂತೆ ಕಾಣುತ್ತಿತ್ತು. ಕಾಫಿ ಲೋಟ ಹಿಡಿದರೆ ಬೆರಳು ಎದುರಿಗೆ ಕೂತವರತ್ತ, ಮಂಗಳಾರತಿ ತೆಗೆದುಕೊಂಡರೆ ಬೆರಳು ದೇವರತ್ತ. ಮದುವೆಯಾಗಿ ದಾವಣಗೆರೆಯಿಂದ ಮದ್ರಾಸಿಗೆ ಬಂದ ಹೊಸತರಲ್ಲಿ ನಾನು ಅವರ ಕಾಲಿಗೆ ನಮಸ್ಕಾರ ಮಾಡಿದಾಗ ತಲೆಯ ಮೇಲೆ ಬಂದದ್ದು ಆಶೀರ್ವಾದವೋ ಎಚ್ಚರಿಕೆಯೋ ತಿಳಿಯದೆ ಹೆದರಿದ್ದೆ. ಎರಡೂ ಆಗಿತ್ತು ಅಂತ ಆಮೇಲೆ ಗೊತ್ತಾಯಿತು.

ಅವರ ಮನೆತನ ಮೂರು ತಲೆಮಾರಿನಿಂದ ಮದ್ರಾಸಿನದು. ಮಾಧ್ವರು. ಮನೆಮಾತು ಕನ್ನಡವೇ, ಆದರೆ ಪಾಪ ಎನ್ನುವ ಕಡೆ ‘ಪಾವಂ’, ಸುಮ್ಮನೆ ಎನ್ನುವ ಕಡೆ ‘ಚುಮ್ಮಾ’. ನನ್ನ ದಾವಣಗೆರೆ ಕನ್ನಡ ಕೇಳಿ ಅವರು ಬಹಿರಂಗವಾಗಿ ನಗುತ್ತಿದ್ದರು, ಅವರದನ್ನು ಕೇಳಿ ನಾನು ಒಳಗೊಳಗೇ ನಗುತ್ತಿದ್ದೆ. ಅಣ್ಣಾ ನಗರದ ಆ ಮನೆಯಲ್ಲಿ ಇದ್ದವರು ನಾವು ನಾಲ್ವರು: ಅತ್ತೆ, ಅವರ ಹಿರಿಯ ಮಗನಾದ ನನ್ನ ಗಂಡ, ಇನ್ನೂ ಮದುವೆಯಾಗದ ಮೈದುನ, ಮತ್ತೆ ನಾನು. ಮಾವನವರು ನಾನು ಆ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು.

ಅತ್ತೆಯದು ಕಟ್ಟುನಿಟ್ಟಿನ ಮಡಿ. ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು, ಮಾಡಿನ ಹತ್ತಿರ ಗಳುವಿನ ಮೇಲೆ ಯಾರೂ ಸೋಕದಂತೆ ಒಣಗಿಸಿದ ಸೀರೆಯನ್ನು ಕೋಲಿನಿಂದ ಎಳೆದು ಉಟ್ಟರೆ, ನೈವೇದ್ಯ ಮುಗಿಯುವ ತನಕ ಅವರ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. ಬಸ್ಸಿನಲ್ಲಿ ಯಾರದೋ ಮೈ ತಗುಲಿದರೆ ಮನೆಗೆ ಬಂದು ಮತ್ತೆ ಸ್ನಾನ. ಈ ಮಡಿ ನನಗೆ ಆಗಲೂ ಸಿಟ್ಟು ಬರಿಸುತ್ತಿತ್ತು, ಈಗಲೂ ಬರಿಸುತ್ತದೆ. ಮನುಷ್ಯರು ಮನುಷ್ಯರನ್ನು ಸೋಕಬಾರದು ಎನ್ನುವ ಯಾವ ಕಟ್ಟಳೆಯನ್ನೂ ಒಪ್ಪುವವಳು ನಾನಲ್ಲ. ಅತ್ತೆಯ ಹತ್ತಿರ ಹಾಗಂತ ಹೇಳಿಯೂ ಇದ್ದೆ. ಅವರು ಬೆರಳು ತೋರಿಸಿ, “ನಿನ್ ಪಾಡಿಗೆ ನೀನಿರು, ನನ್ ಪಾಡಿಗೆ ನಾನು,” ಅಂದಿದ್ದರು.

ಆದರೆ ಮನುಷ್ಯರನ್ನು ಬಿಟ್ಟು ಉಳಿದದ್ದನ್ನೆಲ್ಲ ಅವರು ಮುಟ್ಟಿಯೇ ನಂಬುತ್ತಿದ್ದರು. ಅನ್ನ ಬೆಂದಿದೆ ಅಂದರೆ “ಮುಟ್ಟಿ ನೋಡ್ದ್ಯಾ?” ಬಟ್ಟೆ ಒಣಗಿದೆ ಅಂದರೆ “ಮುಟ್ಟಿ ನೋಡ್ದ್ಯಾ?” ಸೌಕಾರ್‌ಪೇಟೆಯಲ್ಲಿ ನನಗೊಂದು ರೇಷ್ಮೆ ಸೀರೆ ಕೊಳ್ಳಲು ಹೋದಾಗ, ಅಂಗಡಿಯವನು ಗಾಜಿನ ಕಪಾಟಿನೊಳಗಿನದನ್ನು ತೋರಿಸಿ ಬಣ್ಣ ವರ್ಣಿಸುತ್ತಿದ್ದರೆ ಇವರು ಕೇಳಿಸಿಕೊಳ್ಳಲೇ ಇಲ್ಲ. ಹೊರಗೆ ತೆಗೆಸಿ, ಸೆರಗನ್ನು ಬೆರಳುಗಳ ನಡುವೆ ಉಜ್ಜಿ, ಬೇಡ ಅಂತ ಎದ್ದುಬಂದರು. ಟಿ.ವಿ. ಧಾರಾವಾಹಿಗಳನ್ನಂತೂ ನೋಡುತ್ತಲೇ ಇರಲಿಲ್ಲ. “ಆ ಡಬ್ಬದೊಳಗೆ ಯಾರೋ ಅಳ್ತಾಳೆ ಅಂತ ನಾನ್ಯಾಕೆ ಅಳ್ಲಿ?” ಎನ್ನುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನನ್ನ ಗಂಡ ಇನ್ಷೂರೆನ್ಸ್ ಕಚೇರಿಯಲ್ಲಿದ್ದರು. ಒಂದು ಸಂಜೆ ಕೆಲಸ ಮುಗಿಸಿ ಸ್ಕೂಟರಿನಲ್ಲಿ ಬರುತ್ತಿದ್ದಾಗ, ಯಾರೋ ಮನೆ ಕಟ್ಟಲೆಂದು ರಸ್ತೆಯ ಮೇಲೇ ಸುರಿದಿದ್ದ ಮರಳಿನಲ್ಲಿ ಚಕ್ರ ಜಾರಿ ಬಿದ್ದರು. ಮೈಮೇಲೆ ಹೇಳಿಕೊಳ್ಳುವಂಥ ಗಾಯವಿರಲಿಲ್ಲ, ಏಟು ಬಿದ್ದದ್ದು ತಲೆಗೆ. ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ತಲೆ ಬೋಳಿಸಿ ಆಪರೇಷನ್ ಮಾಡಿದರು. ಪ್ರಜ್ಞೆ ಬರಲಿಲ್ಲ. ಕೋಮಾ ಎಂದರು. ಬರಬಹುದು, ಬರದೆಯೂ ಇರಬಹುದು, ಕಾಯಬೇಕು ಎಂದರು. ಆ ಮರಳು ಸುರಿದವರ ಮನೆ ಈಗಲೂ ಅಲ್ಲೇ ಇದೆ, ಮೂರು ಅಂತಸ್ತಿನದು. ಅದರ ಮುಂದೆ ಹಾದುಹೋಗುವಾಗ ಇಷ್ಟು ವರ್ಷವಾದ ಮೇಲೂ ನನ್ನ ಹಲ್ಲು ಬಿಗಿಯುತ್ತದೆ.

ಮೊದಲಿನ ಕೆಲವು ದಿನ ನಮ್ಮನ್ನು ಐ.ಸಿ.ಯು. ಒಳಗೆ ಬಿಡುತ್ತಿದ್ದರು. ದಿನಕ್ಕೊಮ್ಮೆ, ಹಸಿರು ನಿಲುವಂಗಿ ತೊಡಿಸಿ, ಒಬ್ಬೊಬ್ಬರನ್ನಾಗಿ, ಐದು ನಿಮಿಷಕ್ಕೆ. ನಾನು ಹೋದರೆ ಏನು ಮಾಡಬೇಕೆಂದು ತಿಳಿಯದೆ ಅವರ ಕೈ ಹಿಡಿದು ನಿಲ್ಲುತ್ತಿದ್ದೆ. ಅತ್ತೆ ನೇರ ಕಾಲ ಬುಡಕ್ಕೆ ಹೋಗುತ್ತಿದ್ದರಂತೆ. ಅಂಗಾಲು ಉಜ್ಜಿ, ಬೆರಳುಗಳ ಸಂದಿಯೆಲ್ಲ ನೋಡಿ, ಹೊರಗೆ ಬಂದು ನನಗೆ ವರದಿ ಕೊಡುತ್ತಿದ್ದರು. “ಇವತ್ತು ಕಾಲು ತಣ್ಣಗಿದೆ. ಹಿಮ್ಮಡಿ ಕೆಂಪಾಗಿದೆ, ದಿಂಬು ಕೊಡಿ ಅಂತ ಹೇಳಿ ಬಂದಿದೀನಿ.” ಡಾಕ್ಟರರು ಹೇಳುವ ಉದ್ದುದ್ದದ ಇಂಗ್ಲಿಷ್ ಮಾತುಗಳಿಗಿಂತ ನನಗೆ ಅವರ ಈ ವರದಿಯಿಂದಲೇ ಸಮಾಧಾನ ಸಿಗುತ್ತಿತ್ತು.

ಆಮೇಲೆ ಕ್ಯಾಮೆರಾಗಳು ಬಂದವು. ಒಂದೊಂದು ಹಾಸಿಗೆಯೆದುರೂ ಗೋಡೆಯ ಮೇಲೆ ಒಂದೊಂದು. ಅವುಗಳ ತಂತಿ ಒಳಗೆ ನರ್ಸುಗಳ ಮೇಜಿನ ಪರದೆಗೂ, ಹೊರಗೆ ನಾವು ಕಾಯುತ್ತಿದ್ದ ಹಾಲಿನ ಮೂಲೆಯಲ್ಲಿ ಗಾಜು ಕೂರಿಸಿ ಮಾಡಿದ್ದ ಪುಟ್ಟ ಕೋಣೆಯ ಟಿ.ವಿ.ಗೂ ಹೋಗುತ್ತಿತ್ತು. ಪ್ರಜ್ಞೆ ಇಲ್ಲದವರು ಕೂಗಿ ಕರೆಯಲಾರರು, ಅವರ ಮೇಲೆ ಸದಾ ಒಂದು ಕಣ್ಣಿರುವುದು ಒಳ್ಳೆಯದೇ. ಇಷ್ಟಕ್ಕೆ ನನ್ನ ತಕರಾರಿಲ್ಲ. ನನ್ನ ತಕರಾರು ಆಸ್ಪತ್ರೆಯವರು ಆ ಕಣ್ಣನ್ನು ಇಟ್ಟುಕೊಂಡು ಏನು ಮಾಡಿದರು ಎನ್ನುವುದರ ಬಗ್ಗೆ. ಇನ್ನು ಮೇಲೆ ಮನೆಯವರು ಒಳಗೆ ಬರಬೇಕಾಗಿಲ್ಲ, ಟಿ.ವಿ.ಯಲ್ಲಿ ನೋಡಬಹುದು ಅಂತ ಬಾಗಿಲು ಹಾಕಿದರು. ಹೊರಗಿನಿಂದ ಬಂದವರಿಂದ ಸೋಂಕು ತಗಲುತ್ತದೆ ಅನ್ನುವುದು ಅವರು ಕೊಟ್ಟ ಕಾರಣ.

ಅದನ್ನು ಹೇಳಲು ಟೈ ಕಟ್ಟಿದ ಒಬ್ಬ ಯುವಕನನ್ನು ನೇಮಿಸಿದ್ದರು. ಅವನ ಕೆಲಸ ನಮ್ಮನ್ನು ನೋಡಿ ನಗುವುದು. ಅವನು ನಗುತ್ತ ವಿವರಿಸುತ್ತಿದ್ದಾಗಲೇ ಇಬ್ಬರು ಕೆಲಸಗಾರರು ತಂತಿಯ ಸುರುಳಿ, ಗೋಡೆ ಕೊರೆಯುವ ಯಂತ್ರ, ಒಂದು ಬಿದಿರಿನ ಏಣಿ ಹಿಡಿದುಕೊಂಡು, ಬೀದಿಯ ಚಪ್ಪಲಿಯಲ್ಲೇ ಐ.ಸಿ.ಯು. ಬಾಗಿಲು ತಳ್ಳಿಕೊಂಡು ಒಳಗೆ ಹೋದರು. ಅತ್ತೆ ಆಸ್ಪತ್ರೆಯವರೊಂದಿಗೆ ಮಾತಾಡುತ್ತಿದ್ದುದು ತಮಿಳಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರು ಆ ಯುವಕನ ಎದೆಗೆ ಬೆರಳಿಟ್ಟು ಕೇಳಿದರು: “ಏಣಿ ಒಳಗೆ ಹೋಗಬಹುದು, ಹೆತ್ತವಳು ಹೋಗಬಾರದು, ಹಾಗೇನಪ್ಪ?”

ಅವನು ನಗುವುದನ್ನು ನಿಲ್ಲಿಸದೆ ಮೇಲಿನವರನ್ನು ಕೇಳಿ ಎಂದ. ಅತ್ತೆ ಮೇಲಿನವರನ್ನೂ ಕೇಳಿದರು. ಸೂಪರಿಂಟೆಂಡೆಂಟರು ಕನ್ನಡಕ ತೆಗೆದು ಸೋಂಕಿನ ವಿಷಯವನ್ನು ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ಅತ್ತೆ ಪೂರ್ತಿ ಕೇಳಿ, “ಜೀವಮಾನವಿಡೀ ಮಡಿಯಲ್ಲಿ ಬದುಕಿದವಳು ನಾನು. ಸೋಕಬಾರದ್ದನ್ನು ಸೋಕದೆ ಇರುವುದು ಹೇಗೆ ಅಂತ ನೀವು ನನಗೆ ಹೇಳಿಕೊಡಬೇಡಿ. ನಾನು ಮಡಿಯುಡುವುದು ಯಾವುದನ್ನೂ ಮುಟ್ಟದೆ ಕೂತಿರುವುದಕ್ಕಲ್ಲ. ಶುದ್ಧವಾಗಿ ಹೋಗಿ ಮುಟ್ಟುವುದಕ್ಕೆ,” ಅಂದರು. ಅವರ ಬಾಯಲ್ಲಿ ಮಡಿಗೆ ಇಂಥದೊಂದು ಅರ್ಥ ನಾನು ಅದುವರೆಗೆ ಕೇಳಿರಲಿಲ್ಲ. ಸೂಪರಿಂಟೆಂಡೆಂಟರು ನಕ್ಕು ಕನ್ನಡಕ ಹಾಕಿಕೊಂಡರು.

ಕ್ಯಾಮೆರಾ ಕೂರಿಸುವ ಸಲುವಾಗಿ ಒಳಗೆ ಹಾಸಿಗೆಗಳನ್ನೆಲ್ಲ ಅತ್ತಿತ್ತ ಸರಿಸಿದ್ದರು. ಕೆಲಸ ಮುಗಿದ ಮೇಲೆ ಟಿ.ವಿ.ಗೆ ಹೂವಿನ ಹಾರ ಹಾಕಿ, ಕುಂಕುಮ ಇಟ್ಟು, ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದರು. ಟಿ.ವಿ.ಯ ಕೆಳಗೊಂದು ಪೆಟ್ಟಿಗೆ, ಅದರಲ್ಲಿ ಸಾಲಾಗಿ ಗುಂಡಿಗಳು, ಪ್ರತಿ ಗುಂಡಿಯ ಪಕ್ಕ ರೋಗಿಯ ಹೆಸರಿನ ಚೀಟಿ. ಒಂದೊಂದೇ ಮನೆಯವರನ್ನು ಗಾಜಿನ ಕೋಣೆಗೆ ಕರೆದು, ಆ ಯುವಕ ಅವರ ಹೆಸರಿನ ಗುಂಡಿ ಒತ್ತುತ್ತಿದ್ದ. ಒಬ್ಬರ ರೋಗಿಯನ್ನು ಇನ್ನೊಬ್ಬರು ನೋಡುವಂತಿರಲಿಲ್ಲ.

ಮೊದಲ ಸಲ ನೋಡಿದಾಗ ಏನು ಕಂಡಿತು ಅಂದರೆ, ಕಪ್ಪು ಬಿಳುಪಿನಲ್ಲಿ ಒಂದು ಮಂಚ, ಬೋಳಿಸಿದ ತಲೆ, ಬಾಯಿಗೆ ಕೊಳವೆ, ಮುಖದ ಅರ್ಧಕ್ಕೆ ಅಂಟಿಸಿದ ಪಟ್ಟಿ. ಬಣ್ಣವಿಲ್ಲ, ಶಬ್ದವಿಲ್ಲ. ನಾನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಂತೆಯೇ, ಹೊದಿಕೆಯ ಮೇಲಿದ್ದ ಬಲಗೈಯ ಬೆರಳುಗಳು ಅಲ್ಲಾಡಿದವು. ಹೌದು, ಅಲ್ಲಾಡಿದವು. ಮೈದುನ ನನ್ನ ಭುಜ ಹಿಡಿದು ಕುಲುಕಿದ. ಮನೆಯವರಿಗೆ ವಿವರ ಹೇಳಲೆಂದು ಹಾಲಿನಲ್ಲಿ ಕೂರಿಸಿದ್ದ ಕಿರಿಯ ಡಾಕ್ಟರರೂ ಬಂದು ಪರದೆ ನೋಡಿ, ಒಳ್ಳೆಯ ಲಕ್ಷಣ ಎಂದರು. ಮಾರನೆಯ ದಿನ ಮೊಣಕೈ ಕೂಡ ಸ್ವಲ್ಪ ಎತ್ತಿದರು. ನಾನು ಆ ಟಿ.ವಿ.ಗೆ ಮನಸ್ಸಿನಲ್ಲೇ ಕೈಮುಗಿದೆ. ಅಲ್ಲಿಯವರೆಗೆ ಅದನ್ನು ಬೈದದ್ದೆಲ್ಲ ಮರೆತು, ಇದು ಇಲ್ಲದಿದ್ದರೆ ಈ ಬೆರಳು ಅಲ್ಲಾಡಿದ್ದನ್ನು ಯಾರು ನೋಡುತ್ತಿದ್ದರು ಅಂತ ಅತ್ತೆಯ ಹತ್ತಿರ ವಾದಕ್ಕೂ ನಿಂತೆ.

ಅತ್ತೆ ಡಾಕ್ಟರರನ್ನು ಕೇಳಿದ್ದು ಒಂದೇ ಪ್ರಶ್ನೆ. “ನೀವು ಹೋಗಿ ಮುಟ್ಟಿ ನೋಡಿದಿರಾ?”

“ಅದಕ್ಕೇ ತಾನೇ ಅಮ್ಮಾ ಕ್ಯಾಮೆರಾ ಇರುವುದು,” ಎಂದರು ಆ ಡಾಕ್ಟರು.

ಮೂರನೆಯ ಸಲವೋ ನಾಲ್ಕನೆಯ ಸಲವೋ ನೋಡುವಾಗ ಹಣೆಯ ಮೇಲೆ ಬೆಳ್ಳಗೆ ಅಡ್ಡಗೆರೆಗಳು ಕಂಡವು. ವಿಭೂತಿ. ನಮ್ಮದು ವೈಷ್ಣವರ ಮನೆ, ಹಣೆಗೆ ಇಡುವುದು ಗೋಪಿಚಂದನ, ನಿಲುವಾಗಿ. ಅತ್ತೆ ಮೊದಲ ವಾರವೇ ಒಂದು ತುಂಡು ಗೋಪಿಚಂದನ ಕೊಟ್ಟು, ಮಗನಿಗೆ ಹಚ್ಚಿ ಎಂದು ನರ್ಸನ್ನು ಕೇಳಿಕೊಂಡಿದ್ದರು. ಮಣ್ಣನ್ನೆಲ್ಲ ಒಳಗೆ ತರಬಾರದು ಅಂತ ವಾಪಸು ಕೊಟ್ಟಿದ್ದರು. ಈಗ ನೋಡಿದರೆ ವಿಭೂತಿ. ಅತ್ತೆಗೆ ಬಂದ ಕೋಪ ನೋಡಬೇಕಿತ್ತು. “ನಮ್ಮದು ಮಣ್ಣು, ಇನ್ನೊಬ್ಬರ ಬೂದಿ ಪರವಾ ಇಲ್ವಾ?” ಎಂದರು.

ಅವತ್ತಿನಿಂದ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ನೋಡಲು ಬಂದ ನೆಂಟರೆಲ್ಲ ವಿಭೂತಿಯ ವಿಷಯವೇ ಎತ್ತುತ್ತಿದ್ದರು. ಒಬ್ಬರು ಇದು ಬೇಕೆಂದೇ ಮಾಡಿದ್ದು ಅಂದರು. ಇನ್ನೊಬ್ಬರು, ಹೋಗಲಿ ಬಿಡಿ, ಯಾವ ದೇವರಾದರೇನು, ಹುಷಾರಾದರೆ ಸಾಕು ಅಂದರು. ಅವರಿಬ್ಬರೂ ನಮ್ಮ ಹಜಾರದಲ್ಲೇ ಜಗಳವಾಡಿದರು. ಮೈದುನ ಐ.ಸಿ.ಯು. ಆಯಾಳನ್ನು ಬಾಗಿಲಲ್ಲಿ ಹಿಡಿದು ನಿಲ್ಲಿಸಿ ದಬಾಯಿಸಿದ. ಅವಳು, “ಉಂಗ ಅಣ್ಣನುಕ್ಕು ನಾ ಒಣ್ಣುಂ ವೆಕ್ಕಲೆ ಸಾರ್,” ನಿಮ್ಮಣ್ಣನಿಗೆ ನಾನು ಏನೂ ಹಚ್ಚಿಲ್ಲ ಅಂದಳು. ಕಣ್ಣೆದುರು ಟಿ.ವಿ.ಯಲ್ಲಿ ಕಾಣುತ್ತಿರುವಾಗ ಎಷ್ಟು ಧೈರ್ಯವಾಗಿ ಸುಳ್ಳು ಹೇಳುತ್ತಾಳೆ ನೋಡಿ ಅಂತ ನಾವೆಲ್ಲ ಮಾತಾಡಿಕೊಂಡೆವು. ಹಣೆಗೆ ಏನು ಹಚ್ಚಿದ್ದಾರೆ ಎಂದು ಕೇಳಿದೆವೇ ಹೊರತು ಅದು ಯಾರ ಹಣೆ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಇಂಥ ತಪ್ಪು ಮಾಡಲು ನಮ್ಮಂಥವರೇ ಆಗಬೇಕು.

ಹಾಲಿನಲ್ಲಿ ನಮ್ಮ ಪಕ್ಕದ ಬೆಂಚಿನಲ್ಲಿ ಪಲ್ಲಾವರದ ಹೆಂಗಸೊಬ್ಬಳು ಕೂರುತ್ತಿದ್ದಳು. ಅವಳ ಗಂಡ ಅಲ್ಲಿನ ಚರ್ಮದ ಕಾರ್ಖಾನೆಯಲ್ಲಿ ಮೇಸ್ತ್ರಿ. ಮೆದುಳಿನಲ್ಲಿ ರಕ್ತ ಸೋರಿ ಬಿದ್ದವನು ಎದ್ದಿರಲಿಲ್ಲ. ಅವನಿಗೂ ತಲೆ ಬೋಳಿಸಿ ಆಪರೇಷನ್ ಆಗಿತ್ತು. ಇಷ್ಟು ದಿನ ಪಕ್ಕಪಕ್ಕದಲ್ಲಿ ಕೂತಿದ್ದರೂ ಅತ್ತೆ ಅವಳ ಸೀರೆ ತಗುಲದಂತೆ ನಡುವೆ ಚೀಲ ಇಟ್ಟುಕೊಳ್ಳುತ್ತಿದ್ದರು. ಒಂದು ಬೆಳಗ್ಗೆ ಅವಳು ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಅತ್ತೆಗೆ ತಡೆಯಲಾಗಲಿಲ್ಲ, ಏನಮ್ಮಾ ಎಂದು ಕೇಳಿದರು.

ಗಂಡನನ್ನು ಅವತ್ತೇ ಮನೆಗೆ ಕರೆದೊಯ್ಯುವುದು ಎಂದು ಅವಳ ಅಣ್ಣಂದಿರು ತೀರ್ಮಾನಿಸಿದ್ದರು. ಟಿ.ವಿ. ಬಂದಾಗಿನಿಂದ ನೋಡುತ್ತಿದ್ದಾರೆ, ಒಂದು ಬೆರಳೂ ಅಲ್ಲಾಡುತ್ತಿಲ್ಲ. ಹೊರಗೆ ಕೂರುವ ಡಾಕ್ಟರೂ ದಿನಾ ಹಾಗೇ ಇದೆ ಎನ್ನುತ್ತಾರೆ. ಮೂಗಿಗೆ ಬಾಯಿಗೆ ಕೊಳವೆ ಹಾಕಿ ಹೆಣವನ್ನು ಮಲಗಿಸಿಕೊಂಡಿರುವುದಕ್ಕಿಂತ, ಕೊಳವೆ ತೆಗೆಸಿ ಮನೆಗೊಯ್ದರೆ ತನ್ನ ಮನೆಯಲ್ಲಿ ಉಸಿರು ಬಿಡುತ್ತಾನೆ. ಮಧ್ಯಾಹ್ನ ಆಂಬುಲೆನ್ಸ್ ಬರುತ್ತದೆ.

“ದೇವರು ಕೂಡ ಕೈಬಿಟ್ಟ ಮಾಮಿ,” ಎಂದಳು. ಆಮೇಲೆ ಅತ್ತದ್ದು ಬೇರೊಂದಕ್ಕೆ. “ದಿನಮುಂ ಕೋವಿಲ್ ವಿಬೂದಿ ಕುಡುಕ್ಕರೇನ್. ಆಯಾ ವೆಚ್ಚೇನ್‌ಗಿರಾ. ಟಿವಿಲೆ ಪಾತ್ತಾ ನೆತ್ತಿ ಕಾಲಿಯಾ ಇರುಕ್ಕು.” ದಿನಾ ದೇವಸ್ಥಾನದ ವಿಭೂತಿ ಕೊಟ್ಟು ಕಳಿಸುತ್ತಾಳೆ, ಆಯಾ ಇಟ್ಟೆ ಎನ್ನುತ್ತಾಳೆ, ಟಿ.ವಿ.ಯಲ್ಲಿ ನೋಡಿದರೆ ಹಣೆ ಬರಿದು.

ಅತ್ತೆ ಸೆರಗು ಎಳೆದುಕೊಂಡು ಎದುರಿನ ಗೋಡೆ ನೋಡುತ್ತ ಕೂತರು. ನನಗೂ ಆ ಹೊತ್ತಿಗೆ ವಿಷಯ ಹೊಳೆಯತೊಡಗಿತು. ಮುಂದೆ ಯೋಚಿಸಬಾರದು ಅಂದುಕೊಂಡರೂ ಯೋಚನೆ ನಿಲ್ಲಲಿಲ್ಲ. ಅವಳ ವಿಭೂತಿ ನಮ್ಮ ಟಿ.ವಿ.ಯಲ್ಲಿದ್ದರೆ ನಮ್ಮ ಟಿ.ವಿ.ಯಲ್ಲಿರುವುದು ಅವಳ ಗಂಡ. ಹಾಗಿದ್ದರೆ ಅಲ್ಲಾಡಿದ ಬೆರಳೂ ಅವಳ ಗಂಡನದು. ಅವಳು ನೋಡುತ್ತಿರುವ, ಹಾಗೇ ಬಿದ್ದುಕೊಂಡಿರುವ, ಹೆಣ ಎಂದು ಅವಳ ಅಣ್ಣಂದಿರು ಕರೆದ ಮನುಷ್ಯ ನನ್ನ ಗಂಡ.

ಅತ್ತೆ ಎದ್ದರು. ನಡುವೆ ಇದ್ದ ಚೀಲವನ್ನು ಕೆಳಗಿಟ್ಟು, ಆ ಹೆಂಗಸಿನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಎಬ್ಬಿಸಿದರು. ನನ್ನ ಕಡೆ ತಿರುಗಿ, “ಹುಡ್ಗೀ, ಏಳು. ಇಷ್ಟು ದಿವ್ಸ ನಾವು ನೋಡಿದ್ದು ಇವಳ ಗಂಡನ್ನ,” ಅಂದರು.

“ಅತ್ತೆ, ಬೇಡ. ಯಾರನ್ನಾದ್ರೂ ಕೇಳೋಣ ಮೊದ್ಲು,” ಅಂದೆ ನಾನು.

“ಕೇಳೋದಕ್ಕೇ ಹೋಗ್ತಿರೋದು. ಮಧ್ಯಾಹ್ನ ಅವ್ನನ್ನ ಸಾಯಿಸ್ಲಿಕ್ಕೆ ಕರ್ಕೊಂಡು ಹೋಗ್ತಾರೆ, ಪಾವಂ. ಏಳು.”

ಟೈ ಕಟ್ಟಿದವನು ಅಡ್ಡ ಬಂದ. ಅತ್ತೆ ಅವನನ್ನು ನೋಡಲೂ ಇಲ್ಲ. ಐ.ಸಿ.ಯು. ಬಾಗಿಲಿಗೆ ಅಂಗೈಯಿಂದ ಬಡಿದರು. ತೆರೆಯುವವರೆಗೆ ಬಡಿದರು. ಹಿರಿಯ ನರ್ಸ್ ಬಾಗಿಲು ತೆರೆದು ಕೋಪದಿಂದ ಏನೋ ಹೇಳಹೊರಟರು. ಅತ್ತೆ, “ವಿಭೂತಿ ಇಟ್ಟಿರುವುದು ಯಾರಿಗೆ?” ಎಂದರು.

ನರ್ಸ್ ಪಲ್ಲಾವರದವಳನ್ನು ತೋರಿಸಿ, ಇವರ ಗಂಡನಿಗೆ, ದಿನಾ ಇಡುತ್ತೇವಲ್ಲ, ಎಂದರು. ಕೈ ಅಲ್ಲಾಡಿಸುತ್ತಿರುವುದು ಯಾರು? ಅವರೇ. ಮಧ್ಯಾಹ್ನ ಅವರನ್ನು ಮನೆಗೊಯ್ಯುತ್ತಾರಂತಲ್ಲ? ನರ್ಸ್ ಬಾಗಿಲು ಪೂರ್ತಿ ತೆರೆದು ಹೊರಗೆ ಬಂದರು. “ಯಾರು ಹೇಳಿದರು? ನಿನ್ನೆ ಕರೆದರೆ ಕಣ್ಣು ಬಿಟ್ಟಿದ್ದಾರೆ,” ಎಂದರು. ಒಳಗಿದ್ದವರಿಗೆಲ್ಲ ಯಾರು ಯಾರು ಅಂತ ಚೆನ್ನಾಗಿ ಗೊತ್ತಿತ್ತು. ಔಷಧಿಯಲ್ಲಿ ತಪ್ಪಾಗಿರಲಿಲ್ಲ, ಆರೈಕೆಯಲ್ಲಿ ತಪ್ಪಾಗಿರಲಿಲ್ಲ. ಹೊರಗಿನವರಿಗೆ ಹೇಳುವ ಕೆಲಸ ಮಾತ್ರ ಟಿ.ವಿ.ಯದು ಅಂತ ಅವರು ಬಿಟ್ಟುಬಿಟ್ಟಿದ್ದರು. ಹೊರಗೆ ಕೂತ ಡಾಕ್ಟರು ಒಳಗೆ ಹೋಗದೆ ಅದೇ ಟಿ.ವಿ. ನೋಡಿ ನಮಗೆ ಹೇಳುತ್ತಿದ್ದರು. ಮನೆಗೊಯ್ಯುವ ಮಾತೂ ಅವರೊಂದಿಗೇ ಆಗಿತ್ತು, ಒಳಗಿನವರಿಗೆ ಇನ್ನೂ ತಲುಪಿರಲಿಲ್ಲ. ಕ್ಯಾಮೆರಾ ಕೂರಿಸುವಾಗ ಸರಿಸಿದ ಹಾಸಿಗೆಗಳಲ್ಲಿ ಎರಡು ಅದಲುಬದಲಾಗಿ ನಿಂತಿದ್ದವು. ಹೆಸರಿನ ಚೀಟಿ ಬರೆದವರು ಹಳೆಯ ಜಾಗ ನೋಡಿ ಬರೆದಿದ್ದರು.

ಪಲ್ಲಾವರದ ಹೆಂಗಸು ನರ್ಸಿನ ಎರಡೂ ಕೈ ಹಿಡಿದುಕೊಂಡಳು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವುದು ಕಷ್ಟ. ನಾನು ಅಳಲಿಲ್ಲ. ನನಗೆ ಬಂದದ್ದು ಬರೀ ಸಿಟ್ಟು. ಆಸ್ಪತ್ರೆಯ ಮೇಲೆ, ಟೈ ಮೇಲೆ, ಆ ಗಾಜಿನ ಕೋಣೆಯ ಮೇಲೆ, ಅವಳ ಮೇಲೆ, ಅವಳ ಗಂಡನ ಬೆರಳಿನ ಮೇಲೆ. ಎಲ್ಲಕ್ಕಿಂತ ಹೆಚ್ಚು ಅತ್ತೆಯ ಮೇಲೆ.

ಸೂಪರಿಂಟೆಂಡೆಂಟರು ಬಂದರು. ಈ ಸಲ ಕನ್ನಡಕ ತೆಗೆಯಲಿಲ್ಲ. ಎಲ್ಲ ಕೇಳಿ, “ನೋಡಿ, ಯಂತ್ರದಲ್ಲಿ ಏನೂ ದೋಷವಿಲ್ಲ. ಚೀಟಿ ಬದಲಾಗಿದೆ, ಅಷ್ಟೇ. ಸಣ್ಣ ಮಿಸ್ಟೇಕ್,” ಎಂದರು. ಈ ಮಾತು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಒಬ್ಬ ಬದುಕುತ್ತಿರುವವನನ್ನು ಸಾಯಲು ಕಳಿಸುವುದರಲ್ಲಿದ್ದರು, ಅದು ಸಣ್ಣದು. ನನಗೆ ಇನ್ನೊಬ್ಬಳ ಸಂತೋಷವನ್ನು ತಂದು ಬಡಿಸಿ ಎಲೆಯ ಮುಂದಿಂದ ಎಬ್ಬಿಸಿದರು, ಅದೂ ಸಣ್ಣದು.

ಅತ್ತೆ ಕೂಗಾಡಲಿಲ್ಲ. “ಯಂತ್ರಕ್ಕೆ ದೋಷ ಇಲ್ಲ ಅಂತ ನಮಗೂ ಗೊತ್ತು. ಅದನ್ನು ನಾವು ಬೈಯುತ್ತಿಲ್ಲ,” ಎಂದರು. ಆಮೇಲೆ, “ನಾಳೆಯಿಂದ ನಾನೂ ಈ ಹುಡುಗಿಯೂ ಬರುತ್ತೇವೆ. ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು ಬರುತ್ತೇವೆ. ನೀವು ಹೇಳಿದ್ದನ್ನು ತೊಡುತ್ತೇವೆ, ನೀವು ಕೊಟ್ಟದ್ದರಲ್ಲಿ ಕೈ ತೊಳೆಯುತ್ತೇವೆ. ಒಳಗೆ ಹೋಗುತ್ತೇವೆ. ಇವಳೂ ಹೋಗುತ್ತಾಳೆ,” ಎಂದು ಪಲ್ಲಾವರದವಳನ್ನು ತೋರಿಸಿದರು. ಇದು ಅಪ್ಪಣೆ ಕೇಳುವ ಧಾಟಿಯಲ್ಲಿರಲಿಲ್ಲ. ಸೂಪರಿಂಟೆಂಡೆಂಟರು ಸ್ವಲ್ಪ ಹೊತ್ತು ಆ ನೆಟ್ಟಗಿನ ಬೆರಳನ್ನು ನೋಡಿ, ಸರಿ ಎಂದರು.

ಆ ದಿನವೇ ನಮ್ಮನ್ನು ಒಳಗೆ ಬಿಟ್ಟರು. ನನ್ನ ಗಂಡ ಮೊದಲಿದ್ದ ಹಾಗೆಯೇ ಇದ್ದರು, ಸ್ವಲ್ಪ ಸೊರಗಿದ್ದರು. ಅತ್ತೆ ಕಾಲ ಬುಡಕ್ಕೆ ಹೋಗಿ ಅಂಗಾಲಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. ಹಿಮ್ಮಡಿಯಲ್ಲಿ ಹುಣ್ಣಾಗಿತ್ತು. “ನನ್ನ ಕೂಸನ್ನ ಇಲ್ಲಿ ಬಿಟ್ಟು ಅಲ್ಲಿ ಕೂತು ಖುಷಿಪಡ್ತಿದ್ವಲ್ಲೇ,” ಎಂದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಆಮೇಲೆ ದಿನವೂ ಹೋದೆವು. ನಾನು ಕೈ ಹಿಡಿದುಕೊಂಡು ಕಚೇರಿಯ ಸುದ್ದಿ, ಮನೆಯ ಸುದ್ದಿ, ಬಾಯಿಗೆ ಬಂದದ್ದನ್ನೆಲ್ಲ ಹೇಳುತ್ತಿದ್ದೆ. ಅವರಿಗೆ ಕೇಳಿಸುತ್ತಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅತ್ತೆ ಗೋಪಿಚಂದನವನ್ನು ನೀರಲ್ಲಿ ತೇದು, ನರ್ಸಿನ ಅನುಮತಿ ಪಡೆದೇ, ಹಣೆಗೆ ತೆಳ್ಳಗೆ ಒಂದು ಗೆರೆ ಎಳೆಯುತ್ತಿದ್ದರು. ಹುಣ್ಣು ಮಾಯಿತು. ಉಳಿದದ್ದು ಮಾಯಲಿಲ್ಲ. ಕೆಲವು ವಾರಗಳ ನಂತರ ಒಂದು ಬೆಳಗ್ಗೆ, ಅವರ ಕೈ ನನ್ನ ಕೈಯಲ್ಲಿ, ಕಾಲು ಅವರ ತಾಯಿಯ ಕೈಯಲ್ಲಿ ಇರುವಾಗ ಉಸಿರು ನಿಂತಿತು.

ಆಸ್ಪತ್ರೆ ಕ್ಷಮೆ ಕೇಳಲಿಲ್ಲ. ನಾನು ಬರೆದ ದೂರಿಗೆ, ಸೌಲಭ್ಯಗಳನ್ನು ನಿರಂತರವಾಗಿ ಉತ್ತಮಪಡಿಸುತ್ತಿದ್ದೇವೆ ಅಂತ ಎರಡು ಸಾಲಿನ ಉತ್ತರ ಬಂತು. ಮುಂದೆ ಅಲ್ಲಿ ಬಣ್ಣದ ಪರದೆ ಬಂತು, ಹಾಲಿನಲ್ಲಿ ಏ.ಸಿ. ಬಂತು ಅಂತ ಕೇಳಿದೆ. ಇತ್ತೀಚೆಗೆ ಐ.ಸಿ.ಯು.ನಲ್ಲಿರುವವರನ್ನು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ನೋಡಬಹುದು ಎಂಬ ಜಾಹೀರಾತನ್ನೂ ನೋಡಿದೆ. ಅದರಲ್ಲಿ ಒಂದು ಕುಟುಂಬ ಸೋಫಾದ ಮೇಲೆ ಕೂತು ನಗುತ್ತಿದೆ. ಆ ಪೇಪರನ್ನು ನಾನು ಹರಿದುಹಾಕಿದೆ.

ಪಲ್ಲಾವರದ ಮೇಸ್ತ್ರಿ ಬದುಕಿದ. ಮಾತು ತೊದಲುತ್ತಿತ್ತು, ಎಡಗಾಲು ಎಳೆಯುತ್ತಿತ್ತು. ನನ್ನ ಗಂಡನ ವರ್ಷಾಬ್ದಿಕ ಮುಗಿದ ಮೇಲೆ ಒಂದು ದಿನ ಗಂಡಹೆಂಡಿರಿಬ್ಬರೂ ಬಾಳೆಹಣ್ಣು ಹಿಡಿದುಕೊಂಡು ನಮ್ಮ ಗೇಟಿನ ಹತ್ತಿರ ನಿಂತಿದ್ದರು. ಒಳಗೆ ಬರಲು ಹಿಂಜರಿಯುತ್ತಿದ್ದರು. ಅತ್ತೆ ತಾವೇ ಹೋಗಿ ಕರೆತಂದು ಹಜಾರದಲ್ಲಿ ಕೂರಿಸಿ, ಎಲೆ ಹಾಕಿ ಬಡಿಸಿದರು. ಊಟವಾದ ಮೇಲೆ ಅವನ ಬಲಗೈ ತೋರಿಸು ಎಂದರು. ಅವನು ನೀಡಿದ. ಅತ್ತೆ ಒಂದೊಂದೇ ಬೆರಳನ್ನು ಮುಟ್ಟಿ ಮಡಚಿ ಬಿಡಿಸಿ ನೋಡಿ, “ನಲ್ಲಾ ಇರುಕ್ಕು,” ಚೆನ್ನಾಗಿದೆ ಅಂದರು. ಅವತ್ತು ಅವರು ಮತ್ತೆ ಸ್ನಾನ ಮಾಡಲಿಲ್ಲ.

ನನ್ನ ಗಂಡನ ಕಚೇರಿಯಲ್ಲೇ ನನಗೆ ಕೆಲಸ ಸಿಕ್ಕಿತು. ಮೈದುನ ಮದುವೆಯಾಗಿ ಬೇರೆ ಮನೆ ಮಾಡಿದ. ನಾನೂ ಅತ್ತೆಯೂ ಆ ಮನೆಯಲ್ಲಿ ಜಗಳವಾಡಿಕೊಂಡು, ಜೊತೆಗೆ ಕಾಫಿ ಕುಡಿದುಕೊಂಡು ಇದ್ದೆವು. ಬಹಳ ದಿನ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಒಂದು ಭಾನುವಾರ ಸೊಪ್ಪು ಬಿಡಿಸುತ್ತ ಕೇಳಿಯೇಬಿಟ್ಟೆ: “ಅವಳು ವಿಭೂತಿ ಅಂದಾಗ ನಿಮಗೆ ಗೊತ್ತಾಯ್ತಲ್ಲ ಅತ್ತೆ. ಒಂದು ಕ್ಷಣ ಸುಮ್ನಿರೋಣ ಅನ್ನಿಸ್ಲಿಲ್ವಾ?”

“ಅನ್ನಿಸ್ತು,” ಅಂದರು. ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. “ಆ ಗೋಡೆ ನೋಡ್ತಾ ಕೂತಿದ್ನಲ್ಲ, ಆಗ ಅದೇ ಅನ್ನಿಸ್ತಿದ್ದದ್ದು. ಹೇಳ್ದಿದ್ರೆ ನಮ್ ಕೂಸು ಇನ್ನೊಂದು ನಾಕು ದಿವ್ಸ ಕೈ ಆಡಿಸ್ತಿರತ್ತೆ ಅಂತ.” ಇನ್ನೊಂದು ಕಂತೆ ಎಳೆದುಕೊಂಡು, “ಅವ್ಳ ಗಂಡನ್ನ ಇಟ್ಕೊಂಡು ಎಷ್ಟು ದಿವ್ಸ ಅಂತ ಕೂರೋದು, ಹೇಳು,” ಅಂದರು.

ಕೆಲವು ವರ್ಷಗಳ ಹಿಂದೆ ಅತ್ತೆ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ, ಯಾವ ಪರದೆಯ ಮೇಲೂ ಬರಲಿಲ್ಲ. ಅವರ ಮಡಿಯ ಬಗ್ಗೆ ನನ್ನ ಜಗಳ ಅವರು ಹೋದ ಮೇಲೂ ಮುಗಿದಿಲ್ಲ. ಆದರೆ ಅವತ್ತು ಹಾಲಿನಲ್ಲಿ ಅವರ ಮೇಲೆ ಬಂದ ಸಿಟ್ಟು ಯಾವತ್ತೋ ಹೋಯಿತು. ಅವರು ಎದ್ದು ಆ ಹೆಂಗಸಿನ ಕೈ ಹಿಡಿಯದೆ ಇದ್ದಿದ್ದರೆ ಮೇಸ್ತ್ರಿ ಅದೇ ಸಂಜೆ ಸಾಯುತ್ತಿದ್ದ, ನಮ್ಮ ಟಿ.ವಿ.ಯಲ್ಲಿ ಖಾಲಿ ಮಂಚ ಕಾಣುತ್ತಿತ್ತು, ನಾನು ಇವರೇ ಹೋದರೆಂದು ಎದೆ ಬಡಿದುಕೊಳ್ಳುತ್ತಿದ್ದೆ. ಅಥವಾ ಮೇಸ್ತ್ರಿಯನ್ನು ಯಾರೂ ಕರೆದೊಯ್ಯದೆ, ಚೀಟಿಯ ತಪ್ಪೂ ಯಾರಿಗೂ ಗೊತ್ತಾಗದೆ ಎಲ್ಲವೂ ಹಾಗೇ ನಡೆದಿದ್ದರೆ, ನನ್ನ ಗಂಡ ಗೋಡೆಯಾಚೆ ಒಬ್ಬರೇ ಕೊನೆಯುಸಿರು ಬಿಡುವ ಹೊತ್ತಿನಲ್ಲಿ, ನಾನು ಗಾಜಿನ ಕೋಣೆಯಲ್ಲಿ ಕೂತು, ಇನ್ನೊಬ್ಬಳ ಗಂಡನ ಬೆರಳು ಅಲ್ಲಾಡಿತು ಎಂದು ಪರದೆಗೆ ಕೈಮುಗಿಯುತ್ತಿದ್ದೆ.